ಹೋಂಸ್ಟೇ ನೆನಪುಗಳನ್ನು ಪುಸ್ತಕ ಮಾಡುವುದು: ರಿಜಿಸ್ಟರಿನಿಂದ ಬೈಂಡಿಂಗ್‌ವರೆಗೆ

ಮೈಸೂರಿನ ಗೋಕುಲಂ ಇರಲಿ, ಶ್ರೀರಂಗಪಟ್ಟಣದ ಹೊಳೆದಂಡೆ ಇರಲಿ, ಮೇಲುಕೋಟೆಯ ಬೆಟ್ಟದ ಬುಡ ಇರಲಿ, ಹತ್ತು ವರ್ಷ ಹೋಂಸ್ಟೇ ನಡೆಸಿದ ಮನೆಯಲ್ಲಿ ಒಂದು ಪುಸ್ತಕಕ್ಕೆ ಆಗುವಷ್ಟು ಸರಕು ಇದ್ದೇ ಇರುತ್ತದೆ. ಬಂದವರೆಲ್ಲ 'ಇದನ್ನೆಲ್ಲ ನೀವು ಬರೀಬೇಕು' ಅಂತ ಹೇಳಿ ಹೋಗಿರುತ್ತಾರೆ. ಬರೆಯಲು ಕೂತವರು ಸಾಮಾನ್ಯವಾಗಿ ಮೂವತ್ತನೇ ಪುಟಕ್ಕೆ ನಿಲ್ಲುತ್ತಾರೆ. ತಮಾಷೆಯ ಅತಿಥಿಗಳು, ಜಗಳಗಂಟ ಅತಿಥಿಗಳು, ದುಡ್ಡು ಕೊಡದೆ ಹೋದವರು ಎಲ್ಲ ಅಷ್ಟರಲ್ಲಿ ಮುಗಿದಿರುತ್ತಾರೆ. ಅತಿಥಿ ಎರಡು ದಿನ ಇದ್ದು ಹೋಗುವವರು. ಪುಸ್ತಕದ ಉದ್ದಕ್ಕೂ ಉಳಿಯುವುದು ಮನೆ, ಅಡುಗೆಮನೆ, ಅದನ್ನು ನಡೆಸಿದವರು. ಗೀಸರ್ ಕೆಟ್ಟ ದಿನ ಎರಡನೇ ರೂಮಿಗೆ ಬಿಸಿನೀರು ಹೇಗೆ ಹೋಯಿತು, ತಿಂಗಳ ಕೊನೆಗೆ ಕೈಯಲ್ಲಿ ಏನು ಉಳಿಯಿತು ಅನ್ನುವುದನ್ನು ಓದುಗರು ಬಿಡದೆ ಓದುತ್ತಾರೆ. ಅದು ತಲೆಯಲ್ಲಿ ಇರುವುದಿಲ್ಲ, ಲೆಕ್ಕದ ಪುಸ್ತಕದಲ್ಲಿ ಇರುತ್ತದೆ.

ಮೊದಲು ರಿಜಿಸ್ಟರ್, ಆಮೇಲೆ ನೆನಪು

ಒಂದು ಸಾಲೂ ಬರೆಯುವ ಮುಂಚೆ ಇವನ್ನು ಒಂದು ಮೇಜಿನ ಮೇಲೆ ಹಾಕಿ: ಅತಿಥಿಗಳ ರಿಜಿಸ್ಟರ್, ಬುಕಿಂಗ್ ಡೈರಿ, ಹಾಲಿನ ಲೆಕ್ಕ, ಬಟ್ಟೆ ಒಗೆಯಲು ಕೊಟ್ಟ ಚೀಟಿಗಳು, ಗ್ಯಾಸ್ ಸಿಲಿಂಡರ್ ಬಂದ ತಾರೀಖು, ಕರೆಂಟ್ ಬಿಲ್, ಬ್ಯಾಂಕ್ ಪಾಸ್‌ಬುಕ್. ಜೊತೆಗೆ ಮೊಬೈಲಿನ ಫೋಟೊಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ನಂತರ ಒಂದು ಲಾಂಗ್‌ಬುಕ್ ತೆಗೆದು ತಿಂಗಳಿಗೊಂದು ಪುಟ ಕೊಟ್ಟು ಮೂರು ಕಾಲಂ ಎಳೆಯಿರಿ: ಯಾರು ಬಂದರು, ಮನೆಗೆ ಏನು ಖರ್ಚಾಯಿತು, ಏನು ಕೆಟ್ಟಿತು. ಹತ್ತು ವರ್ಷಕ್ಕೆ ನೂರಿಪ್ಪತ್ತು ಪುಟ. ದಿನಕ್ಕೆ ಎರಡು ಪುಟ ತುಂಬಿಸಿದರೂ ಎರಡು ತಿಂಗಳು ಬೇಕು. ಈ ಕೆಲಸವನ್ನು ಹಾರಿಸಿದವರ ಪುಸ್ತಕ ಓದಿದರೆ ಗೊತ್ತಾಗಿಬಿಡುತ್ತದೆ. ಎಲ್ಲ ಪ್ರಸಂಗವೂ 'ಒಂದು ಸಲ' ಅಂತಲೇ ಶುರುವಾಗುತ್ತದೆ.

ವರ್ಷ ತಪ್ಪುವುದು ಎಲ್ಲರಿಗೂ ಸಹಜ. ಅದಕ್ಕೆ ಈ ಭಾಗದಲ್ಲಿ ಎಲ್ಲರಿಗೂ ನೆನಪಿರುವ ಗೂಟಗಳನ್ನು ನೆಟ್ಟುಕೊಳ್ಳಿ. 2016ರ ಸೆಪ್ಟೆಂಬರ್‌ನ ಕಾವೇರಿ ಗಲಾಟೆ, 2020ರ ಮಾರ್ಚ್‌ನ ಲಾಕ್‌ಡೌನ್, ಕೆಆರ್‌ಎಸ್ 124.80 ಅಡಿ ತುಂಬಿ ನೀರು ಬಿಟ್ಟು ರಂಗನತಿಟ್ಟಿನಲ್ಲಿ ದೋಣಿ ನಿಂತ ದಿನಗಳು, ಆಯಾ ವರ್ಷದ ಜಂಬೂಸವಾರಿ, ಮೇಲುಕೋಟೆಯ ವೈರಮುಡಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥವನ್ನು ಮಾತ್ರ ಬರೀ ಗೂಟವಾಗಿ ಬಿಡಬೇಡಿ. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಮೂರಕ್ಕೂ ಬೈಪಾಸ್ ಆಯಿತು. ಆ ದಿನಕ್ಕೆ ಆರು ತಿಂಗಳು ಹಿಂದೆ, ಆರು ತಿಂಗಳು ಮುಂದೆ ನಿಮ್ಮ ರಿಜಿಸ್ಟರಿನಲ್ಲಿ ಎಷ್ಟು ಹೆಸರಿದೆ ಎಣಿಸಿ. ಹೆಚ್ಚಾಗಿರಲಿ, ಕಮ್ಮಿಯಾಗಿರಲಿ, ಆ ಎರಡು ಅಂಕಿ ಇಟ್ಟುಕೊಂಡೇ ಒಂದು ಅಧ್ಯಾಯ ಬರೆಯಬಹುದು.

ಲೆಕ್ಕದ ಪುಸ್ತಕ ಬರವಣಿಗೆಗೆ ಏನು ಕೊಡುತ್ತದೆ ಅನ್ನುವುದಕ್ಕೆ ಒಂದು ಮಾದರಿ. ನೆನಪಿನಿಂದ ಬರೆದರೆ: 'ದಸರೆಯಲ್ಲಿ ಮನೆ ತುಂಬಿ ತುಳುಕುತ್ತಿತ್ತು, ಪುರುಸೊತ್ತೇ ಇರಲಿಲ್ಲ.' ಲೆಕ್ಕ ಮುಂದಿಟ್ಟುಕೊಂಡು ಬರೆದರೆ: 'ದಿನಾ ಎರಡು ಲೀಟರ್ ಹಾಲು ತರುತ್ತಿದ್ದ ಮನೆಗೆ ಜಂಬೂಸವಾರಿಯ ದಿನ ಒಂಬತ್ತು ಲೀಟರ್ ಬಂತು. ಒಲೆಯ ಮೇಲಿನ ಪಾತ್ರೆ ಸಾಲದೆ ಎರಡು ಲೀಟರ್ ಕುಕ್ಕರಿನಲ್ಲಿ ಕಾಯಿತು. ಹನ್ನೆರಡು ಬೆಡ್‌ಶೀಟ್ ಒಣಗದೆ ಟೆರೇಸಿನಲ್ಲೇ ಇದ್ದವು.' ಎರಡನೆಯದರಲ್ಲಿ ಒಂದೂ ವಿಶೇಷಣ ಇಲ್ಲ, ಆದರೂ ಗಡಿಬಿಡಿ ಕಾಣುತ್ತದೆ.

ರಿಜಿಸ್ಟರಿನಲ್ಲಿ ಇರುವುದನ್ನೆಲ್ಲ ಅಚ್ಚು ಹಾಕುವಂತಿಲ್ಲ

ಪುಸ್ತಕ ನಿಂತಿರುವುದೇ ರಿಜಿಸ್ಟರಿನ ಮೇಲೆ. ಆದರೆ ಅದರಲ್ಲಿರುವ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ವಿದೇಶಿಯರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತುಂಬಿದ ಸಿ ಫಾರಂ, ಇವೆಲ್ಲ ಸರ್ಕಾರ ಕೇಳಿದ್ದಕ್ಕೆ ಪಡೆದ ಮಾಹಿತಿ. ಪುಸ್ತಕಕ್ಕೆ ಕೊಟ್ಟದ್ದಲ್ಲ. ರಿಜಿಸ್ಟರ್ ಪುಟದ ಫೋಟೊ ಹಾಕುವ ಆಸೆ ಬಹಳ ಜನಕ್ಕೆ ಬರುತ್ತದೆ. ಬೇಡವೇ ಬೇಡ, ಹೆಸರಿನ ಮೇಲೆ ಕಪ್ಪು ಬಳಿದರೂ ಬೇಡ.

ಹೆಸರು ಬದಲಿಸಿದರೆ ಸಾಕು ಅನ್ನುವುದು ತಪ್ಪು ಲೆಕ್ಕ. 'ಗೋಕುಲಂನಲ್ಲಿ ಯೋಗ ಕಲಿಯಲು ಮೂರು ತಿಂಗಳು ನಮ್ಮಲ್ಲಿದ್ದ ಸ್ವೀಡನ್ನಿನ ಪಿಟೀಲು ಟೀಚರ್' ಅಂದರೆ ಹೆಸರೇ ಬೇಡ, ಅವರ ಜೊತೆ ಕಲಿತವರೆಲ್ಲ ಗುರುತು ಹಿಡಿಯುತ್ತಾರೆ. ಹೆಸರು, ಊರು, ಉದ್ಯೋಗ, ವರ್ಷ, ಎಷ್ಟು ಜನ ಬಂದಿದ್ದರು ಅನ್ನುವ ಐದರಲ್ಲಿ ಕನಿಷ್ಠ ಮೂರನ್ನು ಬದಲಿಸಿ. ಬದಲಿಸಿದ್ದೀರಿ ಅಂತ ಮುಂದಿನ 'ಅರಿಕೆ'ಯಲ್ಲಿ ಒಂದು ಸಾಲು ಹಾಕಿ. ಯಾವ ಅತಿಥಿಗೆ ಯಾವ ಹೆಸರು ಕೊಟ್ಟಿರಿ ಎನ್ನುವ ಪಟ್ಟಿ ಮನೆಯಲ್ಲೇ ಇರಲಿ, ಪುಟ ಕಟ್ಟುವ ಡಿಟಿಪಿಯವರಿಗೆ ಹೋಗುವ ಫೈಲಿನಲ್ಲಿ ಬೇಡ.

ನಿಜವಾದ ಹೆಸರೇ ಬೇಕು ಅನ್ನಿಸಿದವರಿಗೆ ಒಂದು ಪುಟದ ಒಪ್ಪಿಗೆ ಪತ್ರ ಕಳಿಸಿ. ಬರೀ 'ನಿಮ್ಮ ಬಗ್ಗೆ ಬರೆಯಲೇ' ಅಂತ ಕೇಳಿದರೆ ಎಲ್ಲರೂ ಖುಷಿಯಿಂದ ಹೂಂ ಅಂತಾರೆ, ಪುಸ್ತಕ ಬಂದ ಮೇಲೆ ಮುನಿಸಿಕೊಳ್ಳುತ್ತಾರೆ. ಅವರ ಬಗ್ಗೆ ಬರೆದ ಭಾಗವನ್ನೇ ಪೂರ್ತಿ ಲಗತ್ತಿಸಿ, ಪುಸ್ತಕ ಮತ್ತು ಇ-ಪುಸ್ತಕ ಎರಡಕ್ಕೂ ಒಪ್ಪಿಗೆ ಇದೆ ಎಂದು ಬರೆಸಿಕೊಳ್ಳಿ. ಅಡುಗೆಯವರು, ಮನೆಗೆಲಸದವರು ಓದದವರಾದರೆ ಅವರ ಭಾಗವನ್ನು ಎದುರಿಗೆ ಕೂತು ಓದಿ ಹೇಳಿ. ಅತಿಥಿಗಳಿಗೆ ತೋರಿಸುವ ಮರ್ಯಾದೆ ಇವರಿಗೆ ತಪ್ಪಿಹೋಗುವುದೇ ಹೆಚ್ಚು.

ಕೆಟ್ಟ ಅತಿಥಿಯ ಅಧ್ಯಾಯದಲ್ಲಿ ಕೈ ಬಿಗಿ ಇರಲಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿಯ ಆರೋಪಕ್ಕೆ 'ನಾನು ಬರೆದದ್ದು ನಿಜ' ಅನ್ನುವುದಷ್ಟೇ ಉತ್ತರವಾಗುವುದಿಲ್ಲ. ಅದು ಸಾರ್ವಜನಿಕ ಹಿತಕ್ಕಾಗಿ ಇತ್ತು ಎಂದೂ ತೋರಿಸಬೇಕಾಗುತ್ತದೆ. ಇನ್ನೊಂದು ಅಪಾಯ ನಿಮ್ಮದೇ ಬಾಯಿಂದ ಬರುವಂಥದ್ದು. 'ಪ್ರವಾಸೋದ್ಯಮ ಇಲಾಖೆಯ ನೋಂದಣಿ ಆಗುವ ಮುಂಚೆಯೇ ಎರಡು ವರ್ಷ ರೂಂ ಕೊಟ್ಟಿದ್ದೆವು' ಅನ್ನುವ ಸಾಲು ಕೇಳಲು ಚೆಂದ. ಅಚ್ಚಾದರೆ ಅದು ಸಹಿ ಹಾಕಿಕೊಟ್ಟ ಹೇಳಿಕೆ.

ಬುಕಿಂಗ್ ತಾಣಗಳಲ್ಲಿ ಅತಿಥಿಗಳು ಬರೆದ ವಿಮರ್ಶೆ ನಿಮ್ಮ ಮನೆಯ ಬಗ್ಗೆ ಇದ್ದರೂ ಅದರ ಹಕ್ಕು ಬರೆದವರದು. ನಿಮ್ಮ ಮಾತಿನಲ್ಲಿ ಸಾರ ಹೇಳಿ, ಇಲ್ಲವೇ ಒಂದೆರಡು ಸಾಲಿಗೆ ನಿಲ್ಲಿಸಿ. ಕವಿತೆಯೂ ಅಷ್ಟೇ. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರ ನಿಧನದ ನಂತರ 60 ವರ್ಷ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ತೀರಿಕೊಂಡದ್ದು 2003ರಲ್ಲಿ, ಅಂದರೆ 2063ರ ಕೊನೆಯವರೆಗೆ. ಕುವೆಂಪು ಅವರದು 2054ರವರೆಗೆ. ಪ್ರತಿ ಅಧ್ಯಾಯದ ತಲೆಯ ಮೇಲೆ ಒಂದೊಂದು ಪದ್ಯ ಇಡುವ ಆಸೆ ಇದ್ದರೆ ವಾರಸುದಾರರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಗಾದೆ, ಜನಪದ ತ್ರಿಪದಿಗೆ ಯಾರನ್ನೂ ಕೇಳಬೇಕಿಲ್ಲ. ಹೋಂಸ್ಟೇ ಪುಸ್ತಕಕ್ಕೆ ಅವೇ ಚೆನ್ನಾಗಿ ಹೊಂದುತ್ತವೆ ಕೂಡ.

ಬರೆಯುವಾಗ

ಗುರಿ 40,000 ಪದ, ಹನ್ನೆರಡರಿಂದ ಹದಿನಾಲ್ಕು ಅಧ್ಯಾಯ. ವರ್ಷವಾರು ಬರೆದರೆ ಮೂರನೇ ವರ್ಷದಿಂದ ಎಲ್ಲ ಒಂದೇ ಥರ ಕಾಣುತ್ತದೆ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷದ ಚಕ್ರ ಇಟ್ಟುಕೊಂಡು ಹತ್ತು ವರ್ಷದ ಸರಕನ್ನು ಅದರೊಳಗೆ ಹಂಚುವುದು ಮೇಲು: ಬೇಸಿಗೆಯ ನೀರಿನ ಪಾಡು, ಮಳೆಗಾಲದ ಖಾಲಿ ರೂಮುಗಳು, ದಸರೆ, ಕ್ರಿಸ್‌ಮಸ್ ರಜೆ, ಆಲೆಮನೆ ನೋಡಲು ಬರುವವರು. ಲಾಕ್‌ಡೌನ್‌ಗೆ ಮಾತ್ರ ಪ್ರತ್ಯೇಕ ಅಧ್ಯಾಯ ಬೇಕು. ಅದು ಯಾವ ಚಕ್ರಕ್ಕೂ ಸೇರುವುದಿಲ್ಲ.

ಅಡುಗೆ ಬರೆದರೆ ಅಳತೆ ಬರೆಯಿರಿ. ಮುದ್ದೆಗೆ 'ಬೇಕಾದಷ್ಟು ನೀರು' ಅಂದರೆ ಮಂಡ್ಯದವರಿಗೆ ಗೊತ್ತು, ಬೇರೆಯವರಿಗೆ ಗಂಟುಗಂಟು. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು, ನೀರಿಗೆ ಒಂದು ಚಮಚ ಹಿಟ್ಟು ಮೊದಲೇ ಕದಡಿ ಕುದಿಸುವುದು, ಉಳಿದ ಹಿಟ್ಟು ಗುಡ್ಡೆಯಾಗಿ ಸುರಿದು ಕಲಕದೆ ಐದಾರು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ ಆಮೇಲೆ ಕೋಲಿನಿಂದ ತಿರುವುವುದು, ಇಷ್ಟು ಇರಬೇಕು. ಬರೆದದ್ದನ್ನು ಅಡುಗೆ ಬಾರದ ಒಬ್ಬರ ಕೈಗೆ ಕೊಟ್ಟು ಮಾಡಿಸಿ ನೋಡಿ. ಅವರು ಎಲ್ಲಿ ನಿಂತು ಕೇಳುತ್ತಾರೋ ಅಲ್ಲಿ ಒಂದು ಸಾಲು ಕಮ್ಮಿಯಿದೆ.

ಆಡುಮಾತಿನ ವಿಷಯ. 'ವಸಿ ತಡೀರಿ, ಮುದ್ದೆ ಬೇಯ್ತಾ ಅದೆ' ಅಂತ ಅಡುಗೆಯವರು ಹೇಳಿದ್ದನ್ನು ಕರಡು ತಿದ್ದುವವರು 'ಸ್ವಲ್ಪ ತಾಳಿ, ಮುದ್ದೆ ಬೇಯುತ್ತಿದೆ' ಅಂತ ಇಸ್ತ್ರಿ ಹಾಕಿಬಿಡುತ್ತಾರೆ. ಯಾವ ಮಾತು ಹಾಗೇ ಇರಬೇಕು ಎನ್ನುವ ಒಂದು ಹಾಳೆಯ ಪಟ್ಟಿಯನ್ನು ಮೊದಲೇ ಅವರಿಗೆ ಕೊಡಿ. ಅದೇ ಹಾಳೆಯಲ್ಲಿ ಹೋಂಸ್ಟೇ, ಚೆಕ್‌ಔಟ್, ರೂಂ ಮುಂತಾದ ಪದಗಳಿಗೆ ಯಾವ ಕಾಗುಣಿತ ಎಂದೂ ಬರೆದಿಡಿ. 'ರೂಂ' ಮತ್ತು 'ರೂಮ್' ಎರಡೂ ಸರಿ, ಒಂದೇ ಪುಟದಲ್ಲಿ ಎರಡೂ ಸರಿಯಲ್ಲ.

ಫಾಂಟು ಮತ್ತು ಕರಡು

ಇಲ್ಲಿ ಕೆಟ್ಟಷ್ಟು ಪುಸ್ತಕ ಬೇರೆಲ್ಲೂ ಕೆಡುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರು, ಫೋನುಗಳಲ್ಲೂ ಒಂದೇ ಥರ ಓದಲು ಬರುವ ಅಕ್ಷರ ಸಂಕೇತ) ಅಲ್ಲ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತು ಮತ್ತು ಒತ್ತಕ್ಷರ ಪಲ್ಲಟವಾಗುವುದುಂಟು. ಆದ್ದರಿಂದ ಮೊದಲ ಸಾಲಿನಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ, ಮುಂದೆ ಇ-ಪುಸ್ತಕ ಮಾಡಲೂ ಅದೇ ಬೇಕು. ಡಿಟಿಪಿಯವರು ಯೂನಿಕೋಡ್ ಫೈಲನ್ನು ತಮ್ಮ ಹಳೆಯ ಫಾಂಟಿಗೆ ತಿರುಗಿಸಿ ಪುಟ ಕಟ್ಟುತ್ತಾರೋ ಅಂತ ಕೇಳಿ. ತಿರುಗಿಸುವುದಾದರೆ ಒಂದು ಕರಡು ಹೆಚ್ಚು ನೋಡಬೇಕು.

ಹೋಂಸ್ಟೇ ಪುಸ್ತಕಕ್ಕೆ ಒಂದು ವಿಶೇಷ ತೊಂದರೆ ಇದೆ: ಇಂಗ್ಲಿಷ್ ಪದಗಳು ತುಂಬ. 'ಬೆಡ್‌ಶೀಟ್', 'ಚೆಕ್‌ಲಿಸ್ಟ್', 'ಬ್ರೇಕ್‌ಫಾಸ್ಟ್' ಇವುಗಳ ಮಧ್ಯೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಫೈಲು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ಅದು ಅಳಿಸಿಹೋದರೆ 'ಬೆಡ್ಶೀಟ್', 'ಚೆಕ್ಲಿಸ್ಟ್' ಆಗುತ್ತದೆ. ನೂರಾರು ಕಡೆ. ಹಾಗಾಗಿ ಇಂಥ ಹತ್ತು ಪದಗಳ ಜೊತೆ 'ಸೂರ್ಯ', 'ಮಾರ್ಗ', 'ರಾಷ್ಟ್ರ' ಸೇರಿಸಿದ ಒಂದು ಪುಟವನ್ನು ಮೊದಲು ಕಳಿಸಿ, ಪಿಡಿಎಫ್ ತರಿಸಿಕೊಂಡು ನೋಡಿ, ಆಮೇಲೆ ಪೂರ್ತಿ ಫೈಲು ಕೊಡಿ.

ಫೋನಿಗೆ ಮಾತಾಡಿ ಟೈಪ್ ಮಾಡಿಸುವವರು ನಮ್ಮ ಕಡೆಯ ಅಕಾರ–ಹಕಾರವನ್ನು ಗಮನದಲ್ಲಿಡಬೇಕು. 'ಅಸು ಆಲು ಕೊಡ್ತು' ಅಂತ ಹೇಳಿದರೆ ಫೋನು ಹಾಗೇ ಬರೆದುಕೊಳ್ಳುತ್ತದೆ.

ಮೂರು ಕರಡು ಸಾಕು, ಆದರೆ ಮೂರೂ ಬೇರೆ ಬೇರೆ ಕೆಲಸಕ್ಕೆ. ಮೊದಲನೆಯದು ಮಾತಿಗೆ, ಜೋರಾಗಿ ಓದಿಕೊಂಡು. ಎರಡನೆಯದು ಬೇರೆಯವರಿಂದ, ಕಾಗುಣಿತಕ್ಕೆ. ಮೂರನೆಯದು ಅಂಕಿಗಳಿಗೆ ಮಾತ್ರ: ಇಸವಿ, ಬೆಲೆ, ಪುಟಸಂಖ್ಯೆ, ಪರಿವಿಡಿ. ಕಾಗದದ ಮೇಲೆ ಅಚ್ಚು ತೆಗೆಸಿಯೇ ನೋಡಿ. ಮೊಬೈಲಿನಲ್ಲಿ ನೋಡಿದ ಕರಡು ನೋಡಿದ ಹಾಗಲ್ಲ.

ಪ್ರಕಾಶಕರೋ, ಸ್ವಂತವೋ

ಪ್ರಕಾಶಕರು ಒಪ್ಪಿದರೆ ಮುದ್ರಣ, ಮಾರಾಟದ ತಲೆನೋವು ಅವರದು. ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ 10ರ ಸುತ್ತ; ಎಷ್ಟೋ ಕಡೆ ಅದರ ಬದಲು ಪ್ರತಿಗಳನ್ನೇ ಕೊಡುತ್ತಾರೆ. ಕರಾರು ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಅದು 5 ವರ್ಷ ಎಂದಾಗುತ್ತದೆ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಇ-ಪುಸ್ತಕ, ಆಡಿಯೊ, ಅನುವಾದ ಮೂರನ್ನೂ ಪ್ರತ್ಯೇಕವಾಗಿ ಬರೆಸಿ. ವಿದೇಶಿ ಅತಿಥಿಗಳಿರುವ ಮನೆಯ ಪುಸ್ತಕಕ್ಕೆ ಇಂಗ್ಲಿಷ್ ಅನುವಾದದ ಹಕ್ಕು ಸಣ್ಣ ವಿಷಯವಲ್ಲ.

ಸ್ವಂತ ಮಾಡುವುದಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಮೊದಲು. ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಕೊಡುತ್ತದೆ, ಅರ್ಜಿ ಆನ್‌ಲೈನಿನಲ್ಲಿ, ಶುಲ್ಕ ಇಲ್ಲ. ಲೇಖಕರೇ ಅರ್ಜಿ ಹಾಕಬಹುದು. 'ಐಎಸ್‌ಬಿಎನ್ ಮಾಡಿಸಿಕೊಡ್ತೀವಿ' ಅಂತ ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಅದು ಅವರ ಕೂಲಿ, ಸರ್ಕಾರದ ಶುಲ್ಕ ಅಲ್ಲ. ಮುಖಪುಟ ಅಂತಿಮವಾಗುವ ಮುಂಚೆಯೇ ಅರ್ಜಿ ಹಾಕಿ. ಸಂಖ್ಯೆ ಬರದೆ ಅಚ್ಚಿನ ಪ್ಲೇಟ್ ಮಾಡುವಂತಿಲ್ಲ.

ಕಾಗದದ ಲೆಕ್ಕ

ಡೆಮಿ 1/8, ಅಂದರೆ ಕತ್ತರಿಸಿದ ಮೇಲೆ 5.5 × 8.5 ಇಂಚು, ಇಂಥ ಪುಸ್ತಕಕ್ಕೆ ಸರಿಯಾದ ಅಳತೆ. ಪುಟಕ್ಕೆ ಸುಮಾರು 230 ಪದ ಹಿಡಿದರೆ 40,000 ಪದಕ್ಕೆ 174 ಪುಟ. ಮುದ್ರಣ ನಡೆಯುವುದು ಒಟ್ಟಿಗೆ ಅಚ್ಚಾಗಿ ಮಡಿಕೆಯಾಗುವ 16 ಪುಟದ ಕಟ್ಟು, ಅಂದರೆ ಫಾರಂ ಲೆಕ್ಕದಲ್ಲಿ: ಹನ್ನೊಂದು ಫಾರಂಗೆ 176. ಶೀರ್ಷಿಕೆ, ಅರಿಕೆ, ಪರಿವಿಡಿಯೂ ಇದರಲ್ಲೇ ಬರಬೇಕು. ಹಾಗಾಗಿ ಒಂದೋ ಹತ್ತು ಪುಟದಷ್ಟು ಬರಹ ಕಡಿಮೆ ಮಾಡಿ, ಇಲ್ಲವೇ ಹನ್ನೆರಡನೇ ಫಾರಂಗೆ ಹೋಗಿ. 177ನೇ ಪುಟಕ್ಕೆ ನಾಲ್ಕೇ ಸಾಲು ಉಳಿದರೂ ಅದು ಇನ್ನೊಂದು ಫಾರಂ ಎಳೆದು ತರುತ್ತದೆ.

23 × 36 ಇಂಚಿನ ಒಂದು ಹಾಳೆಯಲ್ಲಿ 32 ಪುಟ ಬರುತ್ತದೆ. 176 ಪುಟಕ್ಕೆ ಐದೂವರೆ ಹಾಳೆ, 500 ಪ್ರತಿಗೆ 2,750 ಹಾಳೆ. ಹಾಳಾಗುವುದೂ ಸೇರಿ 500 ಹಾಳೆಯ ಆರು ರೀಮು. 70 ಜಿಎಸ್‌ಎಂ ಮ್ಯಾಪ್‌ಲಿಥೋ (ಚದರ ಮೀಟರಿಗೆ 70 ಗ್ರಾಂ ತೂಗುವ ಪುಸ್ತಕದ ಕಾಗದ) ಆದರೆ ರೀಮು 18.7 ಕೆಜಿ ತೂಗುತ್ತದೆ. ಪ್ರೆಸ್ಸಿನವರು ಕೊಟ್ಟ ಅಂದಾಜು ಪಟ್ಟಿಯನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಅಚ್ಚಬಿಳಿಗಿಂತ ಸ್ವಲ್ಪ ಹಳದಿ ಛಾಯೆಯ ಕಾಗದ ಕಣ್ಣಿಗೆ ಹಿತ. ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್, ಮ್ಯಾಟ್ ಲ್ಯಾಮಿನೇಶನ್. 176 ಪುಟದ ಪುಸ್ತಕದ ಬೆನ್ನು ಸುಮಾರು 8ರಿಂದ 9 ಮಿಲಿಮೀಟರ್ ಬರುತ್ತದೆ. ಅಂದಾಜಿನ ಮೇಲೆ ಮುಖಪುಟ ಮಾಡಿಸಬೇಡಿ. ಅದೇ ಕಾಗದದ ಬಿಳಿ ಡಮ್ಮಿ, ಅಂದರೆ ಅಚ್ಚಿಲ್ಲದ ಮಾದರಿ ಪುಸ್ತಕ ಕಟ್ಟಿಸಿ, ಅಳೆದು, ಆ ಅಳತೆಯನ್ನು ಕಲಾವಿದರಿಗೆ ಕೊಡಿ. ಇಲ್ಲದಿದ್ದರೆ ಬೆನ್ನಿನ ಹೆಸರು ಮುಖಪುಟಕ್ಕೆ ಜಾರುತ್ತದೆ.

300 ಪ್ರತಿಯ ಒಳಗೆ ಡಿಜಿಟಲ್, 500ರ ಮೇಲೆ ಆಫ್‌ಸೆಟ್ ಅಗ್ಗ. ಮಧ್ಯೆ ಇದ್ದರೆ ಎರಡೂ ಕಡೆ ದರ ಕೇಳಿ. ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ ಅಂತ ಸುಮ್ಮನಿರಬೇಡಿ, ಪ್ರೆಸ್ಸಿನ ಬಿಲ್ಲಿನಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಬರಹದಲ್ಲಿ ಪಡೆಯಿರಿ.

ಅಂಟು ಬೈಂಡಿಂಗ್‌ಗಿಂತ ಫಾರಂ ಹೊಲಿದು ಅಂಟಿಸುವುದಕ್ಕೆ ಸ್ವಲ್ಪ ಜಾಸ್ತಿ ಬೀಳುತ್ತದೆ. ಹೋಂಸ್ಟೇ ರೂಮಿನಲ್ಲಿ ನೂರು ಕೈ ದಾಟುವ ಪ್ರತಿಗಳಿಗೆ ಅದೇ ತಾಳುವುದು. ಕಾಗದದ ನಾರಿನ ದಿಕ್ಕು ಬೆನ್ನಿಗೆ ಸಮಾನಾಂತರ ಇರಲಿ ಎಂದು ಹೇಳಿ. ಅಡ್ಡ ಆದರೆ ಪುಸ್ತಕ ತೆರೆದರೆ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಪುಟಗಳು ಅಲೆಅಲೆಯಾಗುತ್ತವೆ.

ಫೋಟೊಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಬಂದ ಚಿತ್ರದ ಉದ್ದ ಹೆಚ್ಚೆಂದರೆ 1,600 ಪಿಕ್ಸೆಲ್, ಅಂದರೆ ಐದು ಇಂಚು ಚಿಲ್ಲರೆ. ಅರ್ಧ ಪುಟಕ್ಕೆ ಸರಿ, ಮುಖಪುಟಕ್ಕೆ ಸಾಲದು. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿ. ಮ್ಯಾಪ್‌ಲಿಥೋ ಶಾಯಿ ಹೀರುವುದರಿಂದ ಕಪ್ಪು-ಬಿಳುಪು ಚಿತ್ರ ಕಂಡದ್ದಕ್ಕಿಂತ ಕಪ್ಪಾಗಿ ಬೀಳುತ್ತದೆ, ಹೊಗೆ ಹಿಡಿದ ಅಡುಗೆಮನೆಯ ಫೋಟೊವಂತೂ ಮಸಿ. ಮೊದಲೇ ತಿಳಿ ಮಾಡಿಸಿ. ಬಣ್ಣದ ಚಿತ್ರಗಳಿದ್ದರೆ ಅಲ್ಲಲ್ಲಿ ಚೆಲ್ಲದೆ 8 ಪುಟದ ಒಂದೇ ಆರ್ಟ್ ಪೇಪರ್ ಕಟ್ಟು ಸಾಕು.

ಅಚ್ಚಾದ ಮೇಲೆ

ದಸರೆಗೆ ಪುಸ್ತಕ ಕೈಯಲ್ಲಿರಬೇಕಾದರೆ ಜುಲೈ ಕೊನೆಗೆ ಅಂತಿಮ ಫೈಲು ಪ್ರೆಸ್ಸಿನಲ್ಲಿರಲಿ. ನವೆಂಬರ್ ಬಂತೆಂದರೆ ಪ್ರೆಸ್ಸುಗಳಲ್ಲಿ ಕ್ಯಾಲೆಂಡರ್, ಡೈರಿ, ರಾಜ್ಯೋತ್ಸವದ ಪುಸ್ತಕಗಳು ಸಾಲುಗಟ್ಟಿರುತ್ತವೆ.

ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲಿ ಕಳಿಸಬೇಕು. ಇದು 1954ರ ಕಾಯ್ದೆ. ಕನ್ನಡ ಪುಸ್ತಕ ಪ್ರಾಧಿಕಾರ ಮತ್ತು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಿ. ಅದಕ್ಕಾಗಿಯೇ ಹಕ್ಕುಪುಟದಲ್ಲಿ ಪುಟಸಂಖ್ಯೆ, ಕಾಗದದ ತೂಕ, ಅಳತೆ, ಬೆಲೆ, ಮುದ್ರಕರ ಹೆಸರು ಬಿಡದೆ ಇರಬೇಕು.

ಬೆಲೆಯನ್ನು ಒಂದು ಪ್ರತಿಯ ಖರ್ಚಿನ ಮೂರು ಪಟ್ಟಿಗಿಂತ ಕಡಿಮೆ ಇಡಬೇಡಿ. ಖರ್ಚು 80 ರೂಪಾಯಿ, ಬೆಲೆ 250 ಅಂದುಕೊಳ್ಳಿ: ಅಂಗಡಿಗೆ ಶೇ 40 ಬಿಟ್ಟರೆ ಕೈಗೆ 150. ಅದರಲ್ಲಿ ಸಾಗಾಟ, ಬಿಡುಗಡೆಯ ಖರ್ಚು, ಪುಕ್ಕಟೆ ಹೋಗುವ ಪ್ರತಿಗಳು. ಪುಕ್ಕಟೆ 50 ಅಂತ ಮೊದಲೇ ಎಣಿಸಿಡಿ. ಒಪ್ಪಿಗೆ ಕೊಟ್ಟ ಅತಿಥಿಗಳು, ಮನೆಯ ಕೆಲಸದವರು ಆ ಪಟ್ಟಿಯಲ್ಲಿ ಮೇಲಿರಲಿ. ಈ ಪುಸ್ತಕಕ್ಕೆ ಅತಿ ಒಳ್ಳೆಯ ಅಂಗಡಿ ನಿಮ್ಮ ಹೋಂಸ್ಟೇಯ ತಿಂಡಿ ಮೇಜೇ. ಅಲ್ಲಿ ಶೇ 40 ಉಳಿಯುತ್ತದೆ. ಅಂಚೆಯಲ್ಲಿ ಕಳಿಸಲು 176 ಪುಟದ ಪ್ರತಿ ಸುಮಾರು 205 ಗ್ರಾಂ ತೂಗುತ್ತದೆ, ಕವರ್ ಸೇರಿ 300 ಗ್ರಾಂ ಒಳಗೇ.

ಪ್ರೆಸ್ಸಿನಿಂದ ಕಟ್ಟು ಬಂದ ದಿನ ಹತ್ತಕ್ಕೊಂದು ಪ್ರತಿ ತೆರೆದು 16–17, 32–33, 48–49 ಹೀಗೆ ಫಾರಂ ಸೇರುವ ಜಾಗಗಳನ್ನು ನೋಡಿ. ಫಾರಂ ತಲೆಕೆಳಗಾಗಿರುವುದು, ಒಂದೇ ಫಾರಂ ಎರಡು ಸಲ ಬಂದಿರುವುದು ಅಲ್ಲೇ ಸಿಗುತ್ತದೆ. ಕೊನೆಯ ಕಂತು ಕೊಡುವ ಮುಂಚೆ ಡಿಟಿಪಿಯವರಿಂದ ಪಿಡಿಎಫ್ ಅಷ್ಟೇ ಅಲ್ಲ, ತಿದ್ದಲು ಬರುವ ಮೂಲ ಫೈಲು, ಫಾಂಟು, ಚಿತ್ರಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಒಂದು ಪ್ರತಿಯ ಮೇಲೆ 'ತಿದ್ದುಪಡಿ' ಅಂತ ಬರೆದು ಕೆಂಪು ಪೆನ್ನಿನ ಜೊತೆ ರಿಜಿಸ್ಟರಿನ ಪಕ್ಕದಲ್ಲೇ ಇಡಿ. ಮೊದಲ ತಪ್ಪನ್ನು ತೋರಿಸುವವರು ಬಹುಶಃ ಒಂದನೇ ರೂಮಿನ ಅತಿಥಿಯೇ ಆಗಿರುತ್ತಾರೆ.